ದೋಷ ಹುಡುಕುವುದೂ ಒಂದು ವಿದ್ಯೆ

ಇದು ಕಂಪ್ಯೂಟರ್ ಯುಗವೆಂದು ಸಭೆ ಸಮಾರಂಭಗಳಲ್ಲಿ ಕೇಳಿ ಕೇಳಿ ನಮ್ಮೆಲ್ಲರ ಕಿವಿ ಪಳಗಿಹೋಗಿದೆ. ಆದರೆ ಆ ಯುಗದ ಕಿಟಕಿ ಮುಖದ ಮೇಲೆಯೇ ಮುಚ್ಚಿಕೊಂಡರೆ ಏನು ಮಾಡಬೇಕೆಂದು ನಮ್ಮ ಮಕ್ಕಳಿಗೆ ಹೇಳಿಕೊಡುವವರು ಕಡಿಮೆ. ಶಿಷ್ಯವೇತನದ ಅರ್ಜಿ ತುಂಬುತ್ತಿರುವಾಗ, ಪಾಠದ ವಿಡಿಯೋ ನೋಡುತ್ತಿರುವಾಗ, ಪರೀಕ್ಷೆಯ ಫಲಿತಾಂಶ ಹುಡುಕುತ್ತಿರುವಾಗ ಬ್ರೌಸರ್ ಎಂಬ ಆ ಕಿಟಕಿ ಹೇಳದೆ ಕೇಳದೆ ಮಾಯವಾಗುತ್ತದೆ. ಮತ್ತೆ ತೆರೆದರೆ ಮತ್ತೆ ಮಾಯ. ಇಂಥ ಸಮಯದಲ್ಲಿ ತಾಳ್ಮೆಯಿಂದ ದೋಷವನ್ನು ಹುಡುಕುವುದು ಒಂದು ವಿದ್ಯೆ. ಅದನ್ನು ಶಾಲೆಯಲ್ಲಿಯೇ ಕಲಿಸಬೇಕು, ಕನ್ನಡದಲ್ಲಿಯೇ ಕಲಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಅದನ್ನು ಈ ವಾರ್ಷಿಕ ಸಂಚಿಕೆಯ ಓದುಗರ ಮುಂದೆ ಇಡಲು ಬಯಸುತ್ತೇವೆ.

ನಾವು ಈ ಶಾಲೆಯ ಹಳೆಯ ವಿದ್ಯಾರ್ಥಿಗಳು. ಕನ್ನಡ ಮಾಧ್ಯಮದಲ್ಲಿ ಓದಿ, ಉದ್ಯೋಗ ವ್ಯಾಪಾರಗಳ ನಿಮಿತ್ತ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಬತ್ತಲಗುಂಡಿನಲ್ಲಿ ನೆಲೆಸಿದ ಕೆಲವು ಕುಟುಂಬದವರು. ಕೊಡೈಕೆನಾಲಿಗೆ ಹೋಗುವ ಪ್ರವಾಸಿಗರು ಬಸ್ಸಿನಿಂದಲೇ ನೋಡಿ ಮುಂದೆ ಸಾಗುವ ಊರು ಇದು. ಇದರ ಹೆಸರಿನಲ್ಲಿಯೇ ವೀಳ್ಯದೆಲೆ ಇದೆ. 'ವೆಟ್ರಿಲೈ' ಎಂದರೆ ವೀಳ್ಯದೆಲೆ, 'ಕುಂಡ್ರು' ಎಂದರೆ ಗುಡ್ಡ ಎಂದು ಇಲ್ಲಿಯವರು ಅರ್ಥ ಹೇಳುತ್ತಾರೆ. ಅಕ್ಷರಕ್ಕೂ ಈ ಊರು ಹೊಸದಲ್ಲ. 1896ರಲ್ಲಿ ಮದರಾಸಿನಲ್ಲಿ ಆರಂಭವಾದ 'ಪ್ರಬುದ್ಧ ಭಾರತ' ಪತ್ರಿಕೆಯ ಮೊದಲ ಸಂಪಾದಕರಾಗಿದ್ದ ರಾಜಮ್ ಅಯ್ಯರ್ ಅವರು 1872ರಲ್ಲಿ ಹುಟ್ಟಿದ್ದು ಇಲ್ಲಿಯೇ. ಅವರ ಕಾಲದಲ್ಲಿ ಬರೆಯುವವನಿಗೆ ಇದ್ದ ಭಯವೆಂದರೆ ಮಸಿಯ ಕುಡಿಕೆ ಉರುಳುವುದು. ಬರೆದ ಕಾಗದ ತಾನಾಗಿಯೇ ಮಡಿಸಿಕೊಂಡು ಕಣ್ಮರೆಯಾಗುವ ಭಯ ಇರಲಿಲ್ಲ. ಆ ಭಯ ನಮ್ಮ ಕಾಲಕ್ಕೆ ಬಂದಿದೆ.

ಇದು ಅಷ್ಟು ದೊಡ್ಡ ವಿಷಯವೇ ಎಂದು ಕೆಲವರು ಕೇಳಬಹುದು. ಸಿನಿಮಾ ಹಾಡು ನೋಡುವಾಗ ಬ್ರೌಸರ್ ಮುಚ್ಚಿಕೊಂಡರೆ ನಷ್ಟವೇನೂ ಇಲ್ಲ, ನಿಜ. ಆದರೆ ಇಂದು ಕಾಲೇಜು ಪ್ರವೇಶ, ನೀಟ್ ಪರೀಕ್ಷೆ, ಶಿಷ್ಯವೇತನ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಸರ್ಕಾರಿ ಕೆಲಸ ಮೊದಲಾದವುಗಳ ಅರ್ಜಿಗಳು ಹೋಗುವುದು ಈ ಕಿಟಕಿಯ ಮೂಲಕವೇ. ತಮಿಳುನಾಡಿನಲ್ಲಿ ಎಂಜಿನಿಯರಿಂಗ್ ಸೀಟು ಹಂಚುವ ಕೌನ್ಸೆಲಿಂಗ್ ಸಹ 2018ರಿಂದ ಆನ್‌ಲೈನ್ ಆಯಿತು. ಕೊನೆಯ ದಿನದ ರಾತ್ರಿ ಹನ್ನೊಂದೂವರೆಗೆ ಕಿಟಕಿ ಮುಚ್ಚಿಕೊಂಡರೆ, ಒಬ್ಬ ಬಡ ಹುಡುಗಿಯ ಒಂದು ವರ್ಷವೇ ಅದರೊಂದಿಗೆ ಮುಚ್ಚಿಹೋಗಬಹುದು. ಅಂಥ ಮಕ್ಕಳನ್ನು ನಾವು ಕಂಡಿದ್ದೇವೆ. ಅವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ನನಗೆ ಕಂಪ್ಯೂಟರ್ ಬರುವುದಿಲ್ಲ ಅಣ್ಣಾ, ನಾನೇ ಏನೋ ತಪ್ಪು ಒತ್ತಿಬಿಟ್ಟೆ." ನಮಗೆ ಅತ್ಯಂತ ನೋವು ತರುವುದು ಈ ಮಾತೇ. ಯಂತ್ರದ ದೋಷವನ್ನು ಮಗು ತನ್ನ ದೋಷವೆಂದು ತಲೆಯ ಮೇಲೆ ಹೊತ್ತುಕೊಳ್ಳುತ್ತದೆ.

ಹಾಗಾದರೆ ಕುಸಿಯುವುದು ಎಂದರೇನು? ಬ್ರೌಸರ್ ಎಂಬುದು ಒಂದು ಪ್ರೋಗ್ರಾಮ್. ಎಲ್ಲಿಯೋ ಇರುವ ಕಂಪ್ಯೂಟರಿನಿಂದ ಪುಟವನ್ನು ತರಿಸಿ, ಅದರಲ್ಲಿರುವ ಅಕ್ಷರ, ಚಿತ್ರ, ಚಲನಚಿತ್ರಗಳನ್ನು ನಮ್ಮ ಪರದೆಯ ಮೇಲೆ ಜೋಡಿಸಿ ತೋರಿಸುವುದು ಅದರ ಕೆಲಸ. ಟಿಮ್ ಬರ್ನರ್ಸ್ ಲೀ ಎಂಬ ವಿಜ್ಞಾನಿ 1990ರಲ್ಲಿ ಸ್ವಿಟ್ಜರ್ಲೆಂಡಿನ ಸೆರ್ನ್ ಸಂಸ್ಥೆಯಲ್ಲಿ ಮೊದಲ ಬ್ರೌಸರನ್ನು ಬರೆದರು. 1993ರಲ್ಲಿ ಮೊಸಾಯಿಕ್ ಬಂದು ಅದನ್ನು ಜನಸಾಮಾನ್ಯರ ಬಳಿಗೆ ತಂದಿತು. ಅಂದಿನ ಪುಟಗಳು ಅಕ್ಷರ ಮತ್ತು ಕೆಲವು ಚಿತ್ರಗಳ ಸರಳ ಪುಟಗಳು. ಇಂದಿನ ಪುಟದೊಳಗೆ ಒಂದೊಂದು ಪ್ರೋಗ್ರಾಮೇ ಓಡುತ್ತಿರುತ್ತದೆ. ಆ ಪ್ರೋಗ್ರಾಮ್ ತನಗಿಲ್ಲದ ಜಾಗಕ್ಕೆ ಕೈ ಹಾಕಿದರೆ, ಅಥವಾ ಮೆಮೊರಿ ಸಾಲದೆ ಹೋದರೆ, ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಅದನ್ನು ನಿಲ್ಲಿಸಿಬಿಡುತ್ತದೆ. ಇತರ ಕೆಲಸಗಳು ಕೆಡದಿರಲಿ ಎಂದು ಹೀಗೆ ಮಾಡುತ್ತದೆ. ನಮಗೆ ಕಾಣುವುದು ಕಿಟಕಿ ಮುಚ್ಚಿದ್ದು ಮಾತ್ರ.

ಮೊದಮೊದಲ ಬ್ರೌಸರುಗಳಲ್ಲಿ ಇನ್ನೊಂದು ತೊಂದರೆ ಇತ್ತು. ಎಲ್ಲ ಪುಟಗಳೂ ಒಂದೇ ಪ್ರೋಗ್ರಾಮಿನೊಳಗೆ ಓಡುತ್ತಿದ್ದುದರಿಂದ, ಒಂದು ಪುಟ ಕೆಟ್ಟರೆ ಹತ್ತೂ ಪುಟಗಳು ಒಟ್ಟಿಗೆ ಬೀಳುತ್ತಿದ್ದವು. ಈ ಭಾಗದ ಎಲೆತೋಟದ ರೈತನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ವೀಳ್ಯದ ಬಳ್ಳಿಗೆ ಸೊರಗುರೋಗ ಬಂದರೆ, ಆ ಬುಡವನ್ನು ತಾಗಿದ ನೀರು ಬೇರೆ ಬುಡಕ್ಕೆ ಹರಿಯದಂತೆ ನೋಡಿಕೊಂಡು, ಬಳ್ಳಿಯನ್ನು ಕಿತ್ತು ದೂರ ಹಾಕುತ್ತಾನೆ. ಇಲ್ಲವಾದರೆ ಸಾಲಿಗೆ ಸಾಲೇ ಹೋಗುತ್ತದೆ. 2008ರ ಸೆಪ್ಟೆಂಬರಿನಲ್ಲಿ ಹೊರಬಂದ ಕ್ರೋಮ್ ಬ್ರೌಸರ್ ಇದೇ ನೀತಿಯನ್ನು ಹಿಡಿಯಿತು. ಪುಟಗಳನ್ನು ಬೇರೆ ಬೇರೆ ಪ್ರೋಸೆಸ್‌ಗಳಲ್ಲಿ ಇಟ್ಟು, ಒಂದು ಬಿದ್ದರೂ ಉಳಿದವು ನಿಲ್ಲುವಂತೆ ಮಾಡಿತು. ಫೈರ್‌ಫಾಕ್ಸ್ ಈ ದಾರಿಗೆ ಬಂದದ್ದು 2016ರಲ್ಲಿ. ಆದ್ದರಿಂದ ಇಂದು ನಾವು ಕೇಳಬೇಕಾದ ಮೊದಲ ಪ್ರಶ್ನೆ: ಬಿದ್ದದ್ದು ಒಂದು ಟ್ಯಾಬೋ, ಇಡೀ ಬ್ರೌಸರೋ, ಇಲ್ಲವೆ ಕಂಪ್ಯೂಟರೇ ನಿಂತುಹೋಯಿತೋ? ಬೀಳುವ ರೀತಿಯೇ ದೋಷದ ಮನೆಯ ದಿಕ್ಕನ್ನು ತೋರಿಸುತ್ತದೆ. ಇಂಟರ್‌ನೆಟ್ ಹೋದಾಗ ಬ್ರೌಸರ್ ಮುಚ್ಚುವುದಿಲ್ಲ, ಪುಟ ಸಿಗಲಿಲ್ಲವೆಂದು ಹೇಳುತ್ತದೆ ಅಷ್ಟೆ. ಅದನ್ನು ಕುಸಿತದೊಡನೆ ಬೆರೆಸಬಾರದು.

ಇಂಥ ಹೊತ್ತಿನಲ್ಲಿ ನಮ್ಮ ಜನ ಸಾಮಾನ್ಯವಾಗಿ ಮಾಡುವುದೇನು? ಕೆಲವರು ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೋರಿಸುವಂತೆ ಕೀಬೋರ್ಡನ್ನು ಕುಟ್ಟುತ್ತಾರೆ. ಕೆಲವರು ಹತ್ತು ಬಟನ್‌ಗಳನ್ನು ಒಟ್ಟಿಗೆ ಒತ್ತುತ್ತಾರೆ. ಕೆಲವರು ಒಂದೇ ಸಲ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸುತ್ತಾರೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ, ಇದರಲ್ಲಿ ಫೋಟೋ, ಪಾಸ್‌ವರ್ಡ್, ಉಳಿಸಿಟ್ಟ ಪಾಠಗಳು ಎಲ್ಲವೂ ಹೋಗುತ್ತವೆ. ಹೊಸದಾಗಿ ಹಾಕಿಸಿದ ಮೇಲೆ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ. ತಿಂಗಳ ನಂತರ ಅದೇ ತೊಂದರೆ ಬಂದಾಗ ಮತ್ತೆ ಅದೇ ಮೂಗು, ಅದೇ ಕತ್ತಿ.

ಇದಕ್ಕೆ ಬದಲಾಗಿ ನೀರುಗಂಟಿಯ ಕ್ರಮವನ್ನು ನೋಡೋಣ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಪೂರ್ಣವಾದ ಮೇಲೆ, ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಸುರಂಗದ ಮೂಲಕ ಕಂಬಂ ಕಣಿವೆಗೆ ಇಳಿದು ವೈಗೈ ನದಿಯನ್ನು ಸೇರುತ್ತದೆ. ಆ ನೀರನ್ನು ನಂಬಿದ ಒಂದು ಕಾಲುವೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲವೆನ್ನಿ. ನೀರುಗಂಟಿ ಇಡೀ ಕಾಲುವೆಯನ್ನು ಒಡೆದು ಹೊಸದಾಗಿ ತೋಡಿಸುವುದಿಲ್ಲ. ಮೊದಲು ತೂಬಿನಲ್ಲಿ ನೀರಿದೆಯೇ ನೋಡುತ್ತಾನೆ. ಅಲ್ಲಿ ಇದ್ದರೆ ಕಾಲುವೆಯ ನಡುವಿಗೆ ಹೋಗಿ ನೋಡುತ್ತಾನೆ. ನಡುವಿನಲ್ಲಿ ಇದ್ದು ಕೊನೆಯಲ್ಲಿ ಇಲ್ಲವೆಂದರೆ ದೋಷ ಈ ಅರ್ಧದಲ್ಲಿಯೇ ಇದೆ ಎಂದು ಖಚಿತ. ಹೀಗೆ ಇಕ್ಕಟ್ಟು ಮಾಡುತ್ತ ಹೋಗಿ ಕಸ ಕಟ್ಟಿದ ಜಾಗವನ್ನೋ, ಏಡಿ ತೂತು ಕೊರೆದ ಬದುವನ್ನೋ ಹಿಡಿಯುತ್ತಾನೆ. ಬ್ರೌಸರಿನ ದೋಷವನ್ನು ಹಿಡಿಯಲು ಇದಕ್ಕಿಂತ ಬೇರೆ ಮಂತ್ರವಿಲ್ಲ.

ಮೊದಲನೆಯದಾಗಿ, ಬರೆದುಕೊಳ್ಳಬೇಕು. ಯಾವ ಪುಟ, ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಾಗ, ಪರದೆಯ ಮೇಲೆ ಏನು ಸಂದೇಶ ಬಂತು, ನಿನ್ನೆ ಮೊನ್ನೆ ಹೊಸದಾಗಿ ಏನನ್ನು ಹಾಕಿದ್ದೆವು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಕೆಟ್ಟಿದೆಯೆಂದರೆ ನಡುವೆ ಏನೋ ಬದಲಾಗಿದೆ ಎಂದೇ ಅರ್ಥ.

ಎರಡನೆಯದಾಗಿ, ಬ್ರೌಸರನ್ನು ಪೂರ್ತಿ ಮುಚ್ಚಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ನೋಡಬೇಕು. ಇದು ಮೂಢನಂಬಿಕೆಯಲ್ಲ. ಹಿಂದಿನ ಕೆಲಸಗಳು ಹಿಡಿದಿಟ್ಟುಕೊಂಡ ಮೆಮೊರಿ ಇದರಿಂದ ಬಿಡುಗಡೆಯಾಗುತ್ತದೆ.

ಮೂರನೆಯದಾಗಿ, ಎರಡು ಅದಲು ಬದಲು ಪರೀಕ್ಷೆಗಳು. ಅದೇ ಪುಟವನ್ನು ಬೇರೆ ಬ್ರೌಸರಿನಲ್ಲಿ ತೆರೆಯಿರಿ. ಅದೇ ಬ್ರೌಸರಿನಲ್ಲಿ ಬೇರೆ ಪುಟವನ್ನು ತೆರೆಯಿರಿ. ಒಂದೇ ಪುಟ ಎರಡು ಬ್ರೌಸರಿನಲ್ಲಿಯೂ ಬಿದ್ದರೆ, ದೋಷ ಪುಟದಲ್ಲಿರಬಹುದು, ಇಲ್ಲವೆ ಕಂಪ್ಯೂಟರಿನಲ್ಲಿರಬಹುದು. ಸ್ನೇಹಿತನ ಮನೆಯ ಕಂಪ್ಯೂಟರಿನಲ್ಲಿ ಅದನ್ನೇ ತೆರೆದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಒಂದು ಬ್ರೌಸರಿನಲ್ಲಿ ಮಾತ್ರ ಎಲ್ಲ ಪುಟಗಳೂ ಬಿದ್ದರೆ ದೋಷ ಆ ಬ್ರೌಸರಿನದು. ಬ್ರೌಸರಷ್ಟೇ ಅಲ್ಲ, ಲೆಕ್ಕದ ಪ್ರೋಗ್ರಾಮೂ ಆಟವೂ ಬೀಳುತ್ತಿದ್ದರೆ ಬ್ರೌಸರನ್ನು ಬೈದು ಫಲವಿಲ್ಲ. ಕಂಪ್ಯೂಟರಿನ ಬಿಸಿ, ಫ್ಯಾನಿಗೆ ತುಂಬಿದ ಧೂಳು, ಕೆಟ್ಟ ರ‍್ಯಾಮ್ ಇವುಗಳ ಕಡೆ ನೋಡಬೇಕು. ರ‍್ಯಾಮನ್ನು ಪರೀಕ್ಷಿಸುವ ಸಾಧನ ವಿಂಡೋಸಿನೊಳಗೇ ಇದೆ.

ನಾಲ್ಕನೆಯದಾಗಿ, ದೋಷ ಬ್ರೌಸರಿನದೇ ಎಂದು ತಿಳಿದ ಮೇಲೆ ಅದಕ್ಕೆ ನಾವೇ ಅಂಟಿಸಿದ ಎಕ್ಸ್‌ಟೆನ್ಷನ್‌ಗಳನ್ನು ನೋಡಬೇಕು. ಜಾಹೀರಾತು ತಡೆಯುವುದು, ವಿಡಿಯೋ ಇಳಿಸಿಕೊಳ್ಳುವುದು, ಬಣ್ಣ ಬದಲಿಸುವುದು ಹೀಗೆ ಒಂದೊಂದೂ ಬ್ರೌಸರಿನ ಒಳಗೆ ಕೈಯಾಡಿಸುತ್ತದೆ. ಫೈರ್‌ಫಾಕ್ಸಿನ ಸಹಾಯ ಮೆನುವಿನಲ್ಲಿ ಇವೆಲ್ಲವನ್ನೂ ತಾತ್ಕಾಲಿಕವಾಗಿ ಬದಿಗಿಟ್ಟು ತೆರೆಯುವ ವ್ಯವಸ್ಥೆ ಇದೆ. ಕ್ರೋಮಿನಲ್ಲಿ ಗೆಸ್ಟ್ ಕಿಟಕಿಯನ್ನು ತೆರೆದರೆ ಎಕ್ಸ್‌ಟೆನ್ಷನ್‌ಗಳು ಓಡುವುದಿಲ್ಲ. ಹಾಗೆ ತೆರೆದಾಗ ಬೀಳದಿದ್ದರೆ ಕಳ್ಳ ಅವುಗಳಲ್ಲಿ ಇದ್ದಾನೆ ಎಂದಾಯಿತು. ಇನ್ನು ಯಾರೆಂದು ಹಿಡಿಯಲು ಗಣಿತ ಸಹಾಯಕ್ಕೆ ಬರುತ್ತದೆ. ಎಂಟು ಎಕ್ಸ್‌ಟೆನ್ಷನ್‌ಗಳಲ್ಲಿ ಒಂದು ಕೆಟ್ಟದ್ದೆಂದುಕೊಳ್ಳಿ. ಒಂದೊಂದಾಗಿ ನೋಡಿದರೆ ಏಳು ಪರೀಕ್ಷೆಗಳಾದರೂ ಬೇಕಾಗಬಹುದು. ನಾಲ್ಕನ್ನು ನಿಲ್ಲಿಸಿ ನೋಡಿ, ಉಳಿದ ನಾಲ್ಕರಲ್ಲಿ ಎರಡನ್ನು ನಿಲ್ಲಿಸಿ ನೋಡಿ, ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಮೂರೇ ಪರೀಕ್ಷೆಗಳು ಸಾಕು. ಹದಿನಾರು ಇದ್ದರೆ ನಾಲ್ಕು. ಸಾವಿರದ ಇಪ್ಪತ್ತನಾಲ್ಕು ಇದ್ದರೂ ಹತ್ತೇ. ನೀರುಗಂಟಿ ಲೆಕ್ಕ ಬರೆಯದೆ ಮಾಡುವುದನ್ನು ನಾವು ಲೆಕ್ಕ ಬರೆದು ಮಾಡುತ್ತೇವೆ, ಅಷ್ಟೆ.

ಐದನೆಯದಾಗಿ, ಮೆಮೊರಿ. ಕ್ರೋಮಿನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಎರಡನ್ನೂ ಒಟ್ಟಿಗೆ ಒತ್ತಿದರೆ ಯಾವ ಪುಟ ಎಷ್ಟು ಮೆಮೊರಿ ನುಂಗಿದೆ ಎಂಬ ಪಟ್ಟಿ ಬರುತ್ತದೆ. 2 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಅದು ಎರಡು ಎತ್ತಿನ ಗಾಡಿಗೆ ಲಾರಿಯ ಲೋಡು ಹೇರಿದಂತೆ. ಡಿಸ್ಕ್ ತುಂಬಿದ್ದರೂ ತೊಂದರೆಯೇ.

ಆರನೆಯದಾಗಿ, ಬ್ರೌಸರನ್ನು ಅಪ್‌ಡೇಟ್ ಮಾಡಬೇಕು. ಕೆಲವು ಕುಸಿತಗಳಿಗೆ ಗ್ರಾಫಿಕ್ಸ್ ಡ್ರೈವರ್ ಕಾರಣ. ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಎಂಬುದನ್ನು ನಿಲ್ಲಿಸಿ ನೋಡಿದರೆ ಅದು ತಿಳಿಯುತ್ತದೆ. ವೈರಸ್ ಪರೀಕ್ಷೆಯನ್ನೂ ಮಾಡಬೇಕು. ಇಷ್ಟಾದರೂ ಬಗೆಹರಿಯದಿದ್ದರೆ ಹೊಸ ಪ್ರೊಫೈಲ್ ಒಂದನ್ನು ಮಾಡಿ ನೋಡಬೇಕು. ಹಳೆಯದನ್ನು ಅಳಿಸುವುದು ಕಟ್ಟಕಡೆಯ ಮಾತು. ಅದಕ್ಕೆ ಮೊದಲು ಬುಕ್‌ಮಾರ್ಕ್‌ಗಳನ್ನೂ ಪಾಸ್‌ವರ್ಡ್‌ಗಳನ್ನೂ ಭದ್ರಪಡಿಸಿಕೊಳ್ಳಬೇಕು.

ಈ ಎಲ್ಲದರಲ್ಲಿಯೂ ಎರಡು ನಿಯಮಗಳನ್ನು ಮರೆಯಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು ಎಂಬುದು ಒಂದು. ವಿಜ್ಞಾನದ ಪ್ರಯೋಗದಲ್ಲಿ ಬೆಳಕು, ನೀರು, ಗೊಬ್ಬರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಿಡ ಏಕೆ ಬೆಳೆಯಿತೆಂದು ಹೇಳಲಾಗದು ಎಂದು ಮೇಷ್ಟ್ರು ಹೇಳಿಕೊಟ್ಟದ್ದು ಇಲ್ಲಿಗೂ ಅನ್ವಯಿಸುತ್ತದೆ. ಇನ್ನೊಂದು, ಸಾಕಷ್ಟು ಕಾಯಬೇಕು ಎಂಬುದು. ಗಂಟೆಗೊಮ್ಮೆ ಬೀಳುತ್ತಿದ್ದ ಬ್ರೌಸರನ್ನು ಐದು ನಿಮಿಷ ನೋಡಿ ಸರಿಹೋಯಿತು ಎನ್ನುವುದು ಅವಸರದ ತೀರ್ಪು.

ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲ್. ಅಲ್ಲಿ ಒಂದು ವಿಶೇಷ ತೊಂದರೆಯಿದೆ. ಅರ್ಜಿ ತುಂಬುತ್ತಿರುವಾಗ ಒಟಿಪಿ ನೋಡಲೆಂದು ಮೆಸೇಜಿಗೆ ಹೋಗಿ ಹಿಂತಿರುಗಿದರೆ ಅರ್ಜಿಯೆಲ್ಲ ಖಾಲಿ! ಮೆಮೊರಿ ಕಡಿಮೆ ಇರುವ ಫೋನು ಹಿಂದೆ ಸರಿದ ಪುಟವನ್ನು ಇಳಿಸಿಬಿಟ್ಟಿರುತ್ತದೆ. ಹಿಂತಿರುಗಿದಾಗ ಹೊಸದಾಗಿ ತರಿಸುತ್ತದೆ. ಇದು ಕುಸಿತವಲ್ಲ, ಆದರೆ ನಷ್ಟ ಒಂದೇ. ಅರ್ಜಿಗೆ ಕೂರುವ ಮೊದಲು ಉಳಿದ ಆ್ಯಪ್‌ಗಳನ್ನು ಮುಚ್ಚುವುದು, ಒಟಿಪಿಯನ್ನು ಮನೆಯ ಮತ್ತೊಂದು ಫೋನಿಗೆ ಬರುವಂತೆ ಮಾಡಿಕೊಳ್ಳುವುದು, ಉದ್ದದ ಉತ್ತರಗಳನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು, ಇವು ಮೂರೂ ಖರ್ಚಿಲ್ಲದ ಉಪಾಯಗಳು. ಕೊನೆಯ ದಿನದವರೆಗೆ ಕಾಯದಿರುವುದು ನಾಲ್ಕನೆಯದು.

ಈ ಮಾತುಗಳಿಂದ ದೋಷವೆಲ್ಲ ಬಳಸುವವನದೇ ಎಂದು ಯಾರೂ ಭಾವಿಸಬಾರದು. ದೊಡ್ಡ ದೊಡ್ಡ ಕಂಪನಿಗಳ ಕೆಲಸದಲ್ಲಿಯೂ ದೋಷ ಇರುತ್ತದೆ. 2018ರ ಫೆಬ್ರವರಿಯಲ್ಲಿ ಆಪಲ್ ಕಂಪನಿಯ ಐಫೋನುಗಳಲ್ಲಿ ನಮ್ಮ ನೆರೆಯ ತೆಲುಗಿನ ಒಂದು ಅಕ್ಷರ ಕಾಣಿಸಿಕೊಂಡರೆ ಸಾಕು, ಅದನ್ನು ತೋರಿಸಲು ಹೋದ ಆ್ಯಪ್ ಕುಸಿಯುತ್ತಿತ್ತು. ಯಾವ ಅಕ್ಷರ ಗೊತ್ತೇ? 'ಜ್ಞಾ'. ಜ್ಞಾನ ಎಂಬ ಪದದ ಮೊದಲ ಅಕ್ಷರ! ಫೆಬ್ರವರಿ 19ರಂದು ಕಂಪನಿ ತಿದ್ದುಪಡಿ ಹೊರಡಿಸಿತು. ನಮ್ಮ ಲಿಪಿಗಳ ಒತ್ತಕ್ಷರಗಳನ್ನು ಸರಿಯಾಗಿ ಪರೀಕ್ಷಿಸದೆ ಪ್ರೋಗ್ರಾಮನ್ನು ಲೋಕಕ್ಕೆ ಬಿಟ್ಟರೆ ಹೀಗಾಗುತ್ತದೆ. 2021ರ ಮಾರ್ಚ್ 22, 23ರ ಸುಮಾರಿಗೆ ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಮೊದಲಾದ ಆ್ಯಪ್‌ಗಳು ತೆರೆದ ಕೂಡಲೆ ಮುಚ್ಚತೊಡಗಿದವು. ಆ್ಯಪ್‌ಗಳೊಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂ ಎಂಬ ಭಾಗದಲ್ಲಿ ದೋಷವಿತ್ತು. ಗೂಗಲ್ ಹೊರಡಿಸಿದ ಹೊಸ ವೆಬ್‌ವ್ಯೂ ಮತ್ತು ಕ್ರೋಮ್ ಹಾಕಿಕೊಂಡ ಮೇಲೆ ಸರಿಹೋಯಿತು. ಆ ದಿನ ಫೋನನ್ನೇ ಪೂರ್ತಿ ಅಳಿಸಿಕೊಂಡವನಿಗೆ ಫೋಟೋ ಹೋಯಿತು ಬಿಟ್ಟರೆ ಲಾಭವಿರಲಿಲ್ಲ. 2022ರ ಜನವರಿ 13ರಂದು ಲೋಕದ ಅನೇಕ ಕಡೆ ಫೈರ್‌ಫಾಕ್ಸ್ ಸ್ತಬ್ಧವಾಯಿತು. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳನ್ನು ಬೇರೆ ಬೇರೆಯೆಂದು ಎಣಿಸಿದ ಒಂದು ಸಾಲಿನಿಂದಾಗಿ ಪ್ರೋಗ್ರಾಮ್ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಬಿದ್ದಿತ್ತು. ಇಷ್ಟು ದೊಡ್ಡವರಿಗೇ ಹೀಗಾಗುವಾಗ, ಹತ್ತನೆಯ ತರಗತಿಯ ಹುಡುಗಿ 'ನಾನೇ ತಪ್ಪು ಒತ್ತಿದೆ' ಎಂದು ಏಕೆ ತಲೆ ತಗ್ಗಿಸಬೇಕು? ಅದೇ ಹೊತ್ತಿನಲ್ಲಿ ಬೇರೆಯವರಿಗೂ ಹೀಗಾಗುತ್ತಿದೆಯೇ ಎಂದು ನಾಲ್ಕು ಜನರನ್ನು ಕೇಳುವುದು ಕೂಡ ದೋಷ ಹುಡುಕುವ ಕ್ರಮದ ಒಂದು ಹೆಜ್ಜೆಯೇ.

ಹಳೆಯ ಕಂಪ್ಯೂಟರುಗಳ ಮಾತನ್ನೂ ಹೇಳಬೇಕು. ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಆರಂಭಿಸಿತು. ಅಂಥ ಲ್ಯಾಪ್‌ಟಾಪ್‌ಗಳು ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ತಂಗಿಗೆ ಬಂದು ಇಂದಿಗೂ ಕೆಲವು ಮನೆಗಳಲ್ಲಿವೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು. ಅದರಲ್ಲಿ ಓಡುವ ಕೊನೆಯ ಕ್ರೋಮ್ 109ನೆಯದು, 2023ರದ್ದು. ಇಂದಿನ ಪುಟಗಳನ್ನು ಅಂದಿನ ಬ್ರೌಸರಿನಲ್ಲಿ ತೆರೆದರೆ ತಡವರಿಸುವುದು ಸಹಜ. ಆ ಲ್ಯಾಪ್‌ಟಾಪ್‌ನ್ನು ಗುಜರಿಗೆ ಹಾಕಬೇಕಾಗಿಲ್ಲ. ಹಗುರವಾದ ಲಿನಕ್ಸ್ ಹಾಕಿಸಿದರೆ ಅದು ಇನ್ನೂ ಕೆಲವು ಕಾಲ ಅರ್ಜಿ ತುಂಬಲು, ಪಾಠ ಓದಲು ಸಾಕಾಗುತ್ತದೆ.

"ಇದೆಲ್ಲ ನಮಗೇಕೆ? ಬಸ್ ಸ್ಟ್ಯಾಂಡಿನ ಅಂಗಡಿಯವನಿಗೆ ನೂರು ರೂಪಾಯಿ ಕೊಟ್ಟರೆ ಮಾಡಿಕೊಡುತ್ತಾನೆ" ಎಂಬ ಹಿರಿಯರಿದ್ದಾರೆ. ಅಂಗಡಿಯವರ ಮೇಲೆ ನಮಗೆ ದೂರಿಲ್ಲ. ಅವರಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ, ಕೊನೆಯ ದಿನ ರಾತ್ರಿ ಬಾಗಿಲು ತೆರೆದಿಟ್ಟು ಮಕ್ಕಳಿಗೆ ನೆರವಾದವರೂ ಇದ್ದಾರೆ. ಆದರೆ ಸೈಕಲ್ಲಿನ ಚೈನು ಕಳಚಿದಾಗಲೆಲ್ಲ ನಾವು ಅಂಗಡಿಗೆ ಹೋಗುತ್ತೇವೆಯೇ? ಮೇಲಾಗಿ ಸೈಕಲನ್ನು ಕೊಟ್ಟರೆ ಸೈಕಲನ್ನು ಮಾತ್ರ ಕೊಟ್ಟಂತೆ. ಬ್ರೌಸರನ್ನು ಒಪ್ಪಿಸಿದರೆ ಅದರ ಜೊತೆಗೆ ಪಾಸ್‌ವರ್ಡ್, ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ, ಮನೆಯವರ ಫೋಟೋ ಎಲ್ಲವನ್ನೂ ಪರರ ಕೈಗೆ ಇಟ್ಟಂತಾಗುತ್ತದೆ. ವಿಶೇಷವಾಗಿ ಹೆಣ್ಣುಮಕ್ಕಳು ಇದನ್ನು ಯೋಚಿಸಬೇಕು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪರದೆಯ ತುಂಬ ಕೆಂಪು ಅಕ್ಷರದಲ್ಲಿ 'ನಿಮ್ಮ ಕಂಪ್ಯೂಟರ್ ಕೆಟ್ಟಿದೆ, ಕೂಡಲೇ ಈ ಸಂಖ್ಯೆಗೆ ಫೋನ್ ಮಾಡಿ' ಎಂದು ಬರುವುದುಂಟು. ಅದು ವಂಚಕರ ಬಲೆ. ಯಾವ ಬ್ರೌಸರೂ ಕೆಟ್ಟಾಗ ಫೋನ್ ಮಾಡಿರೆಂದು ಸಂಖ್ಯೆ ಕೊಡುವುದಿಲ್ಲ. ಕುಸಿತದ ಸಂದೇಶ ಯಾವುದು, ಕಳ್ಳನ ಸಂದೇಶ ಯಾವುದು ಎಂದು ಗುರುತಿಸಲು ಬಾರದವನು ಹಣ ಕಳೆದುಕೊಳ್ಳುತ್ತಾನೆ.

ಇನ್ನು ಭಾಷೆಯ ಮಾತು. ನಾವಿರುವ ಈ ಸೀಮೆಯಲ್ಲಿ ಕನ್ನಡ ಇಂದು ನಿನ್ನೆ ಬಂದದ್ದಲ್ಲ. ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳಲ್ಲಿ ಕನ್ನಡವೇ ಮನೆಮಾತು. ಮಾತು ಕನ್ನಡ, ಕಲಿತ ಅಕ್ಷರ ತಮಿಳು. ಬ್ರೌಸರ್ ಬಿದ್ದಾಗ ಬರುವ ಸಂದೇಶ ಇಂಗ್ಲಿಷ್. ಮೂರನೆಯ ಭಾಷೆಯಲ್ಲಿ ಬಂದ ಎಚ್ಚರಿಕೆಯನ್ನು ಮಗು ಓದದೆಯೇ ಮುಚ್ಚಿಬಿಡುತ್ತದೆ. ದೋಷ ಹುಡುಕಲು ಸಿಕ್ಕಿದ ಮೊದಲ ಸುಳಿವು ಅಲ್ಲಿಗೆ ಹೋಯಿತು. ಕರ್ನಾಟಕದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಪಾಡು ಇದಕ್ಕಿಂತ ಬಹಳ ಬೇರೆಯಲ್ಲ. ಆದರೆ ಫೈರ್‌ಫಾಕ್ಸನ್ನೂ ಕ್ರೋಮನ್ನೂ ಕನ್ನಡದಲ್ಲಿ ಬಳಸಬಹುದು ಎಂಬುದು ಎಷ್ಟು ಜನರಿಗೆ ಗೊತ್ತು? ಫೈರ್‌ಫಾಕ್ಸಿನ ಕನ್ನಡ ರೂಪ ಸಿದ್ಧವಾದದ್ದು ಸ್ವಯಂಸೇವಕರ ಶ್ರಮದಿಂದ. ಬಳಸುವವರೇ ಇಲ್ಲದಿದ್ದರೆ ಅಂಥ ಕೆಲಸ ಸೊರಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಬದಲಿಸುವುದು ಒಂದು ನಿಮಿಷದ ಕೆಲಸ. ಕುಸಿದಾಗ ವರದಿ ಕಳುಹಿಸಲೇ ಎಂದು ಬ್ರೌಸರ್ ಕೇಳಿದರೆ, ಖಾಸಗಿ ವಿವರ ಸೇರಿಲ್ಲವೆಂದು ನೋಡಿಕೊಂಡು ಕಳುಹಿಸುವುದೂ ಒಳ್ಳೆಯದು. ಕನ್ನಡ ಪುಟಗಳಲ್ಲಿ ಆಗುವ ತೊಂದರೆ ಕನ್ನಡಿಗರು ಹೇಳದೆ ಅವರಿಗೆ ತಿಳಿಯುವುದಾದರೂ ಹೇಗೆ?

ಆದ್ದರಿಂದ ನಮ್ಮ ಸಲಹೆಗಳು ಇವು. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದು ದೋಷದ ಪುಸ್ತಕ ಇಡಬೇಕು. ಯಾವ ಕಂಪ್ಯೂಟರ್, ಯಾವ ದಿನ, ಏನಾಯಿತು, ಏನೇನು ಪರೀಕ್ಷಿಸಿದೆವು, ಯಾವುದರಿಂದ ಸರಿಯಾಯಿತು ಎಂದು ವಿದ್ಯಾರ್ಥಿಗಳೇ ಕನ್ನಡದಲ್ಲಿ ಬರೆಯಬೇಕು. ಒಂದು ವರ್ಷದಲ್ಲಿ ಅದು ಯಾವ ಪಠ್ಯಪುಸ್ತಕವೂ ಕೊಡಲಾರದ ಪಾಠವಾಗುತ್ತದೆ. ಕಂಪ್ಯೂಟರ್ ಪಾಠವೆಂದರೆ ಭಾಗಗಳ ಹೆಸರನ್ನು ಕಂಠಪಾಠ ಮಾಡುವುದಷ್ಟೇ ಆಗಬಾರದು. ಕೆಟ್ಟದ್ದನ್ನು ಹುಡುಕುವುದಕ್ಕೂ ಅಂಕವಿರಲಿ. ಹಿರಿಯ ತರಗತಿಯವರು ಕಿರಿಯರಿಗೂ, ಮಕ್ಕಳು ತಾಯಿತಂದೆಯರಿಗೂ ಇದನ್ನು ಕಲಿಸಲಿ.

ಅಧಿಕಾರದಲ್ಲಿರುವವರಲ್ಲಿಯೂ ಒಂದು ವಿನಂತಿ. ಬಡವರ ಮಕ್ಕಳು ತುಂಬುವ ಅರ್ಜಿಯ ಪುಟ, ತುಂಬಿದಷ್ಟನ್ನು ಆಗಾಗ ತಾನೇ ಉಳಿಸಿಕೊಳ್ಳುವಂತಿರಬೇಕು. ಹಳೆಯ ಕಂಪ್ಯೂಟರಿನಲ್ಲಿಯೂ ಅಗ್ಗದ ಫೋನಿನಲ್ಲಿಯೂ ಓಡುವಷ್ಟು ಹಗುರವಾಗಿರಬೇಕು. ಕೊನೆಯ ದಿನ ಪುಟವೇ ಕುಸಿದರೆ ಮರುದಿನದ ಅವಕಾಶ ಕೊಡಬೇಕು. ಮಕ್ಕಳು ದೋಷ ಹುಡುಕಲು ಕಲಿಯಲಿ ಎಂದು ನಾವು ಹೇಳುವುದು, ಪುಟ ಕಟ್ಟುವವರು ತಮ್ಮ ಹೊಣೆಯನ್ನು ಮಕ್ಕಳ ಮೇಲೆ ಜಾರಿಸಲಿ ಎಂದಲ್ಲ.

ವಿದ್ಯಾರ್ಥಿ ಮಿತ್ರರೇ, ಬ್ರೌಸರುಗಳು ಇಂದು ಇದ್ದಂತೆ ನಾಳೆ ಇರುವುದಿಲ್ಲ. ಒಂದು ಕಾಲದಲ್ಲಿ ಲೋಕವೆಲ್ಲ ಬಳಸುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತು. ನಾವು ಮೇಲೆ ಹೇಳಿದ ಮೆನುಗಳೂ ಬದಲಾಗಬಹುದು. ಆದರೆ ನೋಡಿ ಬರೆದುಕೊಳ್ಳುವುದು, ಒಂದನ್ನೇ ಬದಲಿಸಿ ನೋಡುವುದು, ಅರ್ಧ ಅರ್ಧ ಮಾಡಿ ಹತ್ತಿರವಾಗುವುದು, ತಿಳಿದ ಮೇಲೆ ನಾಲ್ಕು ಜನರಿಗೆ ಹೇಳುವುದು ಎಂಬ ಕ್ರಮ ಬದಲಾಗುವುದಿಲ್ಲ. ಮೋಟಾರು ಕೆಟ್ಟಾಗ, ಬೆಳೆಗೆ ರೋಗ ಬಂದಾಗ, ಸಂಘದ ಲೆಕ್ಕ ತಾಳೆಯಾಗದಾಗಲೂ ಇದೇ ಕ್ರಮ ಕೈಹಿಡಿಯುತ್ತದೆ. ಮುಂದಿನ ವರ್ಷದ ಸಂಚಿಕೆಯಲ್ಲಿ ನಿಮ್ಮ ದೋಷದ ಪುಸ್ತಕದಿಂದ ಆರಿಸಿದ ಒಂದೆರಡು ಪುಟಗಳನ್ನು ಓದುವ ಭಾಗ್ಯ ನಮ್ಮದಾಗಲಿ ಎಂದು ಹಾರೈಸುತ್ತೇವೆ.